ಕೆಮ್ಮಲ್ರೀ, ಘಾಟು

ಹೋದ ವಾರ ಮಸಾಲೆ ಖಾರಕ್ಕೆಂದು ಮೆಣಸಿನಕಾಯಿ ಹುರಿಯುತ್ತಿದ್ದೆ. ಬಾಣಲೆಗೆ ಕಾಯಿ ಬಿದ್ದದ್ದೇ ತಡ, ಸೂಟಿಗೆಂದು ರಾಣೆಬೆನ್ನೂರಿನಿಂದ ಬಂದಿದ್ದ ನೀವಿಬ್ಬರೂ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದಿರಿ. "ಅಜ್ಜೀ, ನಮ್ಮನ್ನ ಕೊಲ್ಲಾಕತ್ತೀಯೇನ?" ಎಂದು ಅಲ್ಲಿಂದಲೇ ಕೂಗಿದಿರಿ. ನಾನು ಒಲೆಯ ಮುಂದೆ ಆರಾಮಾಗಿ ನಿಂತೇ ಇದ್ದೆ. ನಿಮ್ಮವ್ವ ಕಿಟಕಿ ತೆರೆಯುತ್ತ, "ನಿಮ್ಮಜ್ಜೀದು ಬ್ಯಾಡಗಿ ಮೂಗು. ಅದಕ್ಕೇನೂ ಆಗಂಗಿಲ್ಲ" ಎಂದಳು.

ಮೂಗಿಗೆ ಏನೂ ಆಗಲಿಲ್ಲ ಅನ್ನುವುದು ಖರೆ. ಹಿಂದೊಮ್ಮೆ ಎದೆಗೆ ಆಗಿದ್ದನ್ನು ಮಾತ್ರ ನಿನ್ನೆಯವರೆಗೆ ನಿಮ್ಮವ್ವನಿಗೂ ನಾನು ಹೇಳಿರಲಿಲ್ಲ.

ನಾನು ಮೇಡ್ಲೇರಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಹಾಜರಿ ಕೂಗಿದಾಗ ಹೌದು ಎನ್ನಲೂ ನಾಚಿಕೆ. ಎದುರಿಗೇ ಕೂತಿದ್ದರೂ ಗುರುಗಳು ಎಷ್ಟೋ ದಿನ ನನ್ನನ್ನು ಗೈರುಹಾಜರಿ ಎಂದು ಬರೆದಿದ್ದಾರೆ. ಅಂಥವಳು ಲಗ್ನವಾಗಿ ಬ್ಯಾಡಗಿಗೆ ಬಂದೆ. ನಿಮ್ಮಜ್ಜ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲರು. ನಾನೂ ಅಲ್ಲಿಯೇ ಒಂದು ಅಂಗಡಿಯಲ್ಲಿ ತುಂಬು ಬಿಡಿಸಲು ಸೇರಿಕೊಂಡೆ. ತುಂಬು ಎಂದರೆ ಕಾಯಿಯ ತೊಟ್ಟು. ನಡುವೆ ಕೆಂಪು ರಾಶಿ, ಸುತ್ತ ಇಪ್ಪತ್ತು ಹೆಂಗಸರು, ಎಲ್ಲರ ಮೂಗಿಗೂ ಸೆರಗು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಅವರು ಒಂದು ದಿನ ಆ ರಾಶಿಯ ಪಕ್ಕ ಕೂತು ಹೇಳಲಿ.

ನಿಮ್ಮವ್ವ ಆಗ ಮೂರು ವರ್ಷದವಳು. ನನ್ನ ಸೆರಗಿನೊಳಗೆ ಮುಖ ಹುದುಗಿಸದೆ ನಿದ್ದೆ ಮಾಡುತ್ತಿರಲಿಲ್ಲ.

ಒಂದು ದಿನ ನಮ್ಮ ಅಂಗಡಿಗೆ ದಪ್ಪ ಕನ್ನಡಕದ ಹೆಣ್ಣುಮಗಳೊಬ್ಬಳು ಕಾಗದದ ಕಟ್ಟು, ಮುಚ್ಚಳದ ಸಣ್ಣ ಡಬ್ಬಿಗಳ ಚೀಲ ಹಿಡಿದು ಬಂದಳು. ದೊಡ್ಡ ಆಸ್ಪತ್ರೆಯೊಂದರ ಸಂಶೋಧನೆಯಂತೆ. ಧೂಳಿನಲ್ಲಿ ದುಡಿಯುವವರೊಳಗೆ ಕ್ಷಯ ಎಷ್ಟು ಜನರಿಗಿದೆ ಎಂದು ನೋಡುವುದು ಆಕೆಯ ಕೆಲಸ. ಹದಿನೈದು ದಿನಕ್ಕಿಂತ ಹೆಚ್ಚು ಕೆಮ್ಮಿದ್ದವರಿಗೆ ಒಂದೊಂದು ಡಬ್ಬಿ ಕೊಟ್ಟು, ಕಫ ತುಂಬಿಸಿಕೊಂಡು ಹೋಗಿ ಪರೀಕ್ಷೆ ಮಾಡಿಸುವಳು. ಹೆಂಗಸರು ಆಕೆಗೆ ಅವತ್ತೇ 'ಡಬ್ಬಿ ಅಕ್ಕೋರು' ಎಂದು ಹೆಸರಿಟ್ಟರು.

"ಕೆಮ್ಮು ಐತೇನ್ರಿ?"

"ಇಲ್ರಿ."

"ನಿಮಗ?"

"ನನಗೂ ಇಲ್ರಿ."

ಎಲ್ಲ ಅಂಗಡಿಗಳಲ್ಲೂ ಇದೇ ಉತ್ತರ. ನಾನೂ ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಯಾರಿಗೂ ಅನ್ನಿಸಲಿಲ್ಲ, ಅದನ್ನು ನೀವು ನಂಬಬೇಕು. ಎರಡು ವಾರ ಮಾರ್ಕೆಟ್ಟೆಲ್ಲ ತಿರುಗಿ, ಕಾಗದದ ತುಂಬ ಇಲ್ಲ ಎಂದು ಬರೆದುಕೊಂಡು, ಡಬ್ಬಿಗಳನ್ನು ಖಾಲಿಯೇ ವಾಪಸ್ ಒಯ್ಯಲು ಅಕ್ಕೋರು ಕಟ್ಟು ಕಟ್ಟುತ್ತಿದ್ದರು. ಆಗ ನನ್ನ ಪಕ್ಕದ ಮಾಬವ್ವ ಕೆಮ್ಮತೊಡಗಿದಳು. ಮಾಬವ್ವ ಕೆಮ್ಮಿದರೆ ರಾಶಿಯ ಮೇಲಿನ ಕಾಯಿ ಉರುಳುತ್ತಿದ್ದವು.

"ಮಾಬವ್ವ, ಕೆಮ್ಮಿಲ್ಲ ಅಂತ ಬರಸಿದ್ರಲ್ಲಾ?"

"ಇದು ಕೆಮ್ಮೇನ್ರೀ?" ಮಾಬವ್ವನಿಗೆ ಸಿಟ್ಟೇ ಬಂತು. "ಕೆಮ್ಮಲ್ರೀ, ಘಾಟು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕೋರು ನಗಲಿಲ್ಲ. ಕಟ್ಟು ಬಿಚ್ಚಿ, ಚೀಲದ ಮೇಲೆ ಕೂತುಬಿಟ್ಟರು.

"ಹಂಗಾರ ಕೆಮ್ಮು ಅಂದ್ರ ಯಾವುದ್ರೀ?"

"ಮನ್ಯಾಗ ಬಂದ್ರ ಕೆಮ್ಮು. ಇಲ್ಲಿ ಬಂದ್ರ ಘಾಟು. ಇಷ್ಟೂ ಗೊತ್ತಿಲ್ಲೇನ ಯವ್ವಾ, ಎಷ್ಟ ಸಾಲಿ ಕಲ್ತೀದಿ?"

"ಭಾಳ ಕಲ್ತೇನ್ರಿ. ಇದೊಂದು ಕಲ್ತಿದ್ದಿಲ್ಲ" ಎಂದರು ಅಕ್ಕೋರು. "ತಪ್ಪು ನನ್ನದು. ನೀವು ಖರೇನ ಹೇಳೀರಿ, ನಾನು ಕೇಳಿದ್ದ ತಪ್ಪಾಗಿತ್ತು."

ಮರುದಿನದಿಂದ ಆಕೆ ಮೊದಲ ಅಂಗಡಿಯಿಂದ ಮತ್ತೆ ಶುರು ಮಾಡಿದರು. ಎರಡು ವಾರದ ಕೆಲಸ ಹೊಳೆಗೆ ಹೋಯಿತೆಂದು ಗೊಣಗಲಿಲ್ಲ. ಪ್ರಶ್ನೆ ಮಾತ್ರ ಬೇರೆ: "ಮಾರ್ಕೆಟ್ ಬಂದ್ ಇದ್ದ ದಿನಾನೂ ಘಾಟು ಬರ್ತೈತೇನ್ರಿ?" ಓದಿದವರು ತಮ್ಮ ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನನ್ನ ಸರದಿ ಬಂದಾಗ ತಲೆ ತಗ್ಗಿಸಿ ತುಂಬು ಬಿಡಿಸುತ್ತಲೇ ಇದ್ದೆ. ಹಬ್ಬಕ್ಕೆಂದು ನಾಲ್ಕು ದಿನ ತವರಿಗೆ ಹೋಗಿದ್ದೆ. ಮೇಡ್ಲೇರಿಯ ಹೊಳೆದಂಡೆಯ ಗದ್ದೆಗಳಲ್ಲಿ ಮೆಣಸಿನಕಾಯಿಯ ಸುಳಿವಿಲ್ಲ. ಆದರೂ ನಾಲ್ಕು ದಿನವೂ ಬಂದಿತ್ತು. ಘಾಟು ಎದೆಯೊಳಗೆ ಇಳಿದು ಕೂತಿದೆ, ತಾನಾಗಿ ಹೋದೀತು ಎಂದುಕೊಂಡಿದ್ದೆ. ಅಷ್ಟು ಹೆಂಗಸರ ಎದುರು ಹೇಳುವುದು ಹೇಗೆ? ರೋಗವೆಂದು ಅತ್ತೆಗೆ ತಿಳಿದರೆ ನನ್ನನ್ನು ತವರಿಗೆ ಕಳಿಸಿ, ಮಗುವನ್ನು ಇಟ್ಟುಕೊಳ್ಳುತ್ತಿದ್ದರು. ಓಣಿಯಲ್ಲಿ ಹಾಗೆ ಆದದ್ದಿತ್ತು. ಹೇಳದಿದ್ದರೆ, ಅದೇ ಮಗು ನನ್ನ ಸೆರಗಿನೊಳಗೆ.

ಅಕ್ಕೋರು ಹೊರಟಾಗ ನೀರು ಕುಡಿಯುವ ನೆವದಲ್ಲಿ ಗೇಟಿನವರೆಗೆ ಹಿಂದೆ ಹಿಂದೆ ಹೋದೆ.

"ಅಕ್ಕೋರ, ನನ್ನ ಘಾಟು ಮೇಡ್ಲೇರಿಗೂ ಬಂದಿತ್ರಿ."

ಆಕೆ ಏನೂ ಕೆದಕದೆ ನನ್ನ ಕೈಗೆ ಒಂದು ಡಬ್ಬಿ ಇಟ್ಟರು. "ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ, ನಂಬರ್ ಅಷ್ಟ" ಎಂದರು. ಆ ಮಾತು ನನಗೆ ಎಷ್ಟು ಹಿತವೆನಿಸಿತೋ ಹೇಳಲಾರೆ. ಹೆಸರಿಲ್ಲದೆ ಒಂದು ಪುಸ್ತಕದಲ್ಲಿ ಕೂಡುವುದು ನನ್ನಂಥವಳಿಗೆ ಸರಿಯಾದ ಜಾಗ.

ಇಲ್ಲಿ ನನ್ನ ಶಾಣ್ಯಾತನವನ್ನೂ ಬರೆಯಬೇಕು. ಡಬ್ಬಿಯನ್ನು ಮನೆಗೆ ಒಯ್ದು, ಬಾಯಿ ಮುಕ್ಕಳಿಸಿ, ಸದ್ದಿಲ್ಲದೆ ಒಂದಿಷ್ಟು ಉಗುಳಿ ಕೊಟ್ಟೆ. ಅಕ್ಕೋರು ಬೆಳಕಿಗೆ ಹಿಡಿದು ನೋಡಿದರು. "ಇದು ಬರೇ ಉಗುಳ್ರೀ. ನನಗ ಎದಿಯೊಳಗಿಂದು ಬೇಕು. ಜೋರಾಗಿ ಕ್ಯಾಕರಸ್ರಿ." ಪಡಸಾಲೆಯಲ್ಲಿ ಅತ್ತೆ ಮಾವ ಕೂತ ಮನೆಯಲ್ಲಿ ಸೊಸೆ ಕ್ಯಾಕರಿಸುವುದುಂಟೆ? ನಮ್ಮ ಹಿತ್ತಲ ಹಿಂದೆ ರೈಲಿನ ಹಳಿ. ಮರುದಿನ ಮುಂಜಾನೆಯ ಗಾಡಿ ಕೂಗುವವರೆಗೆ ಡಬ್ಬಿ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತೆ. ಗಾಡಿ ಗಡಗಡ ಎನ್ನುತ್ತ ಹಾಯುವಷ್ಟರಲ್ಲಿ ನಾನು ನನ್ನ ಕೆಲಸ ಮುಗಿಸಿದೆ. ಗಾಡಿಗೆ ಇನ್ನೂ ನಾಲ್ಕು ಡಬ್ಬಿ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪರೀಕ್ಷೆಯಲ್ಲಿ ರೋಗ ಸಿಕ್ಕಿತು. ಇನ್ನೂ ಕೆಲವರಲ್ಲಿ ಸಿಕ್ಕಿತಂತೆ. ಯಾರೆಂದು ಅಕ್ಕೋರು ಬಾಯಿ ಬಿಡಲಿಲ್ಲ. ಮಾಬವ್ವನದು ಖರೇನೇ ಘಾಟು. ನನ್ನದನ್ನು ಅವಳೊಬ್ಬಳಿಗೆ ಹೇಳಿದೆ. "ಅಷ್ಟ ಜೋರಾಗಿ ಕೆಮ್ಮಿ ನಾ ಫೇಲ್, ಕುಂಯ್ ಅನ್ನದ ನೀ ಪಾಸ್" ಎಂದು ನನ್ನನ್ನು ಚಾಷ್ಟಿ ಮಾಡಿದಳು. ಆಮೇಲೆ ಕಣ್ಣು ಒರೆಸಿಕೊಂಡಳು. ಕಣ್ಣು ತೋರಿಸಲು ಹೋಗುತ್ತೇವೆಂದು ಅತ್ತೆಗೆ ಹೇಳಿ, ಮಗುವನ್ನೂ ಎತ್ತಿಕೊಂಡು ನನ್ನ ಜೊತೆ ಹಾವೇರಿಗೆ ಬಂದವಳೂ ಅವಳೇ. ಅಲ್ಲಿ ನಿಮ್ಮವ್ವನ ಎದೆಯ ಫೋಟೊ ತೆಗೆದರು. ಅದನ್ನು ಓದಿ ಹೇಳುವವರೆಗೆ ಬಾಗಿಲ ಹೊರಗೆ ಕೂತ ಆ ಹೊತ್ತು ನನ್ನ ಆಯುಷ್ಯದಲ್ಲೇ ಉದ್ದವಾದದ್ದು. ಮಗುವಿಗೆ ರೋಗ ಹತ್ತಿರಲಿಲ್ಲ. ಹತ್ತದಿರಲೆಂದು ಅದಕ್ಕೂ ಗುಳಿಗೆ ಕೊಟ್ಟರು.

ನಿಮ್ಮಜ್ಜನಿಗೆ ಹೇಳಲೇಬೇಕಾಯಿತು. ಗುಳಿಗೆ ಶುರುವಾದ ಮೇಲೆ ಮೂತ್ರ ಕೆಂಪಗೆ ಹೋಗತೊಡಗಿತು. ಒಳಗಿದ್ದ ಮೆಣಸಿನಕಾಯಿಯ ಬಣ್ಣ ಇಳಿಯುತ್ತಿದೆ ಎಂದು ನಾನು ಖುಷಿಪಟ್ಟೆ. ಅವರು ಗಾಬರಿಯಾಗಿ ಅಕ್ಕೋರನ್ನೇ ಹೋಗಿ ಕೇಳಿ ಬಂದರು. "ಗುಳಿಗೀ ಬಣ್ಣ ಅಂತ, ಹುಚ್ಚಿ" ಎಂದರು. ಆಮೇಲೆ ದನಿ ತಗ್ಗಿಸಿ, "ಯಾರ ಮುಂದೂ ಅನಬ್ಯಾಡ. ಒಂದ ದಿನಾನೂ ಗುಳಿಗಿ ತಪ್ಪಸಬ್ಯಾಡ" ಎಂದರು. ಆರು ತಿಂಗಳು ತಪ್ಪಿಸಲಿಲ್ಲ. ಸಾಯುವವರೆಗೂ ಅವರು ಆ ಮಾತು ಎತ್ತಲಿಲ್ಲ.

ಅಕ್ಕೋರು ಕೆಲಸ ಮುಗಿಸಿ ಹೊರಟ ದಿನ ನಾಲ್ಕು ಮುಷ್ಟಿ ಒಳ್ಳೆಯ ಕಾಯಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟೆ. ಈಗ ಅವರು ಎಲ್ಲಿದ್ದಾರೋ ಗೊತ್ತಿಲ್ಲ. ನಿಮ್ಮವ್ವ ಶಾಲೆಗೆ ಹೋದಾಗ, ಲಗ್ನವಾದಾಗ, ನೀವು ಹುಟ್ಟಿದಾಗ ಅವರನ್ನು ನೆನೆದಿದ್ದೇನೆ. ದೇವರಿಗೆ ದೀಪ ಹಚ್ಚುವಾಗ ಹೆಸರು ಗೊತ್ತಿಲ್ಲದ ಅವರನ್ನೂ ಸೇರಿಸಿಯೇ ಕೈ ಮುಗಿಯುತ್ತೇನೆ.

ಇನ್ನು ನಿನ್ನೆಯ ಮಾತು. ನಮ್ಮ ಓಣಿಯ ಶಾಲೆಯಲ್ಲಿ ಎದೆಯ ತಪಾಸಣೆ ಇಟ್ಟಿದ್ದರು. ಹಾವೇರಿಗೆ ಹೋಗುವುದೇ ಬೇಡ, ಚೀಲದಲ್ಲಿ ಹಿಡಿಸುವಷ್ಟು ಸಣ್ಣ ಎಕ್ಸ್‌ರೇ ಯಂತ್ರವನ್ನೇ ತಂದಿದ್ದರು. ಹೆಂಗಸರು ಬಂದಿದ್ದರು, ಆದರೆ ಗೋಡೆಗೆ ಆತು ನಿಂತಿದ್ದರು. ಮೊದಲು ಹೋದವರ ಮೇಲೆ ಎಲ್ಲರ ಕಣ್ಣು. ತುಂಬು ಬಿಡಿಸಲು ಹೋಗುವ ಪಕ್ಕದ ಮನೆಯ ಸೊಸೆ ರೇಣುಕಾ, "ನಂದು ಬರೇ ಘಾಟ ಬಿಡ್ರಿ" ಎನ್ನುತ್ತ ಚಪ್ಪಲಿ ಮೆಟ್ಟಿ ಹೊರಟಿದ್ದಳು. ನಿಮ್ಮವ್ವ ನನ್ನನ್ನು ಕೈಹಿಡಿದು ಮೇಜಿನ ಮುಂದೆ ಕೂರಿಸಿದಳು. ಅಲ್ಲಿದ್ದ ಹುಡುಗಿ ಬರೆದುಕೊಳ್ಳುತ್ತ ಕೇಳಿದಳು: "ಅಜ್ಜಿ, ಹಿಂದ ಯಾವಾಗರ ಟಿಬಿ ಆಗಿತ್ತೇನ್ರಿ?"

ಈ ಪ್ರಶ್ನೆಯನ್ನು ಎಷ್ಟೋ ಸಲ ಎಷ್ಟೋ ಡಾಕ್ಟರರು ಕೇಳಿದ್ದಾರೆ. ಪ್ರತಿ ಸಲವೂ ಇಲ್ಲ ಎಂದಿದ್ದೇನೆ. ನಿನ್ನೆಯೂ 'ಇ' ತುಟಿಗೆ ಬಂದಿತ್ತು. ನಮ್ಮ 'ಇಲ್ಲ'ಗಳನ್ನೆಲ್ಲ ಒಟ್ಟಿಗೆ ಕಟ್ಟಿ ಹೊರಟಿದ್ದ ಅಕ್ಕೋರು ನೆನಪಾದರು.

"ಆಗಿತ್ತವ್ವಾ, ಬರಕೋ" ಎಂದೆ. ನನ್ನ ದನಿ ಅಷ್ಟು ಜೋರಾಗಿದೆ ಎಂದು ನನಗೇ ಗೊತ್ತಿರಲಿಲ್ಲ. "ನಾವೂ ಘಾಟು ಅಂತಿದ್ವಿ. ಆರು ತಿಂಗಳ ಗುಳಿಗಿ ತಗೊಂಡೆ, ಗುಣಾ ಆತು."

ನಿಮ್ಮವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾ ಆವಾಗ ಸಣ್ಣಾಕಿ ಇದ್ದೆನಲ್ಲ ಬೇ?"

"ಹೂಂ. ನಿನಗೂ ಗುಳಿಗಿ ನುಂಗಿಸೇನಿ. ದಿನಾ ಬೆಲ್ಲದಾಗ ಮುಚ್ಚಿ."

"ಅದಕ್ಕ!" ಎಂದು ಅವಳು ಹಣೆ ಬಡಿದುಕೊಂಡಳು. "ಅದಕ್ಕ ಬೆಲ್ಲ ಕಂಡ್ರ ನನಗ ವಾಕರಕಿ! ಇಷ್ಟ ವರ್ಷ ಹೋಳಿಗಿ ಬಿಟ್ಟ ಕುಂತೇನಲ್ಲ ಯವ್ವಾ!"

ಓಣಿಯೆಲ್ಲ ನಕ್ಕಿತು. ನಗುವಿನ ನಡುವೆ ರೇಣುಕಾ ಚಪ್ಪಲಿ ಬಿಟ್ಟು ಬಂದು ನನ್ನ ಹಿಂದೆ ನಿಂತದ್ದನ್ನು ನಾನು ನೋಡಿದೆ. ಅವಳ ಹಿಂದೆ ಇನ್ನಿಬ್ಬರು ಬಂದರು.

ಓಣಿಯವರ ಬಾಯಿಂದ ನಿಮಗೆ ತಿಳಿಯುವ ಮೊದಲು ನಾನೇ ತಿಳಿಸಬೇಕೆಂದು ಇಷ್ಟು ಬರೆದೆ.

ಯಂತ್ರದ ಮುಂದೆ ನಿಂತಾಗಲೂ ನನಗೆ ನಗು ತಡೆಯಲಾಗಲಿಲ್ಲ. "ಅಜ್ಜಿ, ನಗಬ್ಯಾಡ್ರಿ, ಉಸುರು ಹಿಡೀರಿ" ಎಂದಳು ಹುಡುಗಿ. ಹಿಡಿದೆ. ಅವಳು ಬಿಡ್ರಿ ಅನ್ನುವವರೆಗೂ ಹಿಡಿದೇ ನಿಂತೆ. ಕೆಮ್ಮು ಬರಲಿಲ್ಲ.