ಒಂಟಿ ಹೆಂಗಸರಿಗೆ ಮುಚ್ಚಿದ ಕಾಡು

ಬಂಗಾಳದಲ್ಲಿ, ಟಾಲಿಗಂಜ್‌ನ ನಮ್ಮ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ಊರಿನ ಅಂಚಿನಲ್ಲಿ ಒಂದು ಸಣ್ಣ ಕಾಡಿದೆ. ನಡುವೆ ಕೆರೆ, ಸುತ್ತ ಕಾಲುದಾರಿ. ಸಾರ್ವಜನಿಕರಿಗೆಂದೇ ಇಟ್ಟಿರುವ ಜಾಗ. ಐವತ್ತು ದಾಟಿದ ಮೇಲೆ ನನಗೆ ಹಕ್ಕಿ ನೋಡುವ ಹುಚ್ಚು ಹತ್ತಿತ್ತು. ಗಂಡನಿಗೆ ಭಾನುವಾರ ಬೆಳಿಗ್ಗೆ ಹಾಸಿಗೆ ಬಿಡಲು ಮನಸ್ಸಿಲ್ಲ. ಹಾಗಾಗಿ ಕಳೆದ ಚಳಿಗಾಲದಲ್ಲಿ ದುರ್ಬೀನು ಕೊರಳಿಗೆ ಹಾಕಿಕೊಂಡು ಒಬ್ಬಳೇ ಹೊರಟೆ.

ಗೇಟಿನಲ್ಲಿ ಕಾವಲುಗಾರ ತಡೆದ. ಜೊತೆಗೆ ಯಾರಿದ್ದಾರೆಂದು ಕೇಳಿದ. ಯಾರೂ ಇಲ್ಲ ಎಂದೆ. ಒಂಟಿ ಹೆಂಗಸರನ್ನು ಒಳಗೆ ಬಿಡುವುದಿಲ್ಲವಂತೆ, ಅವರ ಕ್ಷೇಮಕ್ಕಾಗಿಯೇ ಅಂತೆ. ನಾವು ಮಾತಾಡುತ್ತಿದ್ದಂತೆಯೇ ಗಂಡಸೊಬ್ಬ ಒಬ್ಬನೇ ಬಂದು ಟಿಕೆಟ್ ಹರಿಸಿಕೊಂಡು ಒಳಗೆ ಹೋದ. ಆ ನಿಯಮ ಎಲ್ಲಿ ಬರೆದಿದೆ ಎಂದು ನನ್ನ ಮೈಸೂರು ಧಾಟಿಯ ಬಂಗಾಳಿಯಲ್ಲಿ ಕೇಳಿದೆ. ಬರೆದಿಲ್ಲ, ಅರಣ್ಯ ಇಲಾಖೆಯ ಸಾಹೇಬರು ಬಾಯಲ್ಲಿ ಹೇಳಿದ್ದು ಎಂದ.

ಮನೆಗೆ ಹೋಗಲಿಲ್ಲ. ಗೇಟಿನೆದುರಿನ ಮೋರಿ ಕಟ್ಟೆಯ ಮೇಲೆ ಹತ್ತು ಗಂಟೆಯವರೆಗೂ ಕೂತು, ಬೇಲಿಯಾಚೆ ಕಂಡ ಹಕ್ಕಿಗಳನ್ನೇ ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ಭಾನುವಾರವೂ ಹಾಗೇ. ಕಾವಲುಗಾರ ಪಾಪ, ಮಣ್ಣಿನ ಕುಡಿಕೆಯಲ್ಲಿ ಚಹಾ ತಂದುಕೊಟ್ಟು, ಗೆಳತಿಯನ್ನಾದರೂ ಕರೆತನ್ನಿ ದಿದಿ ಎಂದು ಬೇಡಿಕೊಂಡ. ಚಹಾ ಕುಡಿದೆ. ಯಾರನ್ನೂ ಕರೆತರುವುದಿಲ್ಲ ಎಂದೆ. ಮನೆಯಲ್ಲಿ ಗಂಡ, ನಾನೇ ಬರ್ತೀನಿ ಬಿಡು ಎಂದರು. ಅದೂ ಬೇಡ ಎಂದೆ. ಅವರ ಜೊತೆ ಹೋದರೆ ಗೇಟು ತೆರೆಯುತ್ತಿದ್ದದ್ದು ನನಗಲ್ಲ.

ಮೂರನೆಯ ಭಾನುವಾರ ಸಾಹೇಬರೇ ಜೀಪಿನಲ್ಲಿ ಬಂದರು. ನನಗಿಂತ ಚಿಕ್ಕವರು, ಒರಟರಲ್ಲ.

"ಒಳಗೆ ನಿಮಗೇನಾದರೂ ಆದರೆ ಯಾರು ಹೊಣೆ?" ಎಂದು ಕೇಳಿದರು.

"ಒಳಗೆ ಹೋದ ಗಂಡಸರಿಗೆ ಏನಾದರೂ ಆದರೆ ಯಾರು ಹೊಣೆಯೋ ಅವರೇ," ಎಂದೆ. "ನನ್ನನ್ನು ಬಿಡೋಕೆ ಆಗದಿದ್ದರೆ, ಒಂಟಿ ಹೆಂಗಸರಿಗೆ ಪ್ರವೇಶವಿಲ್ಲ ಅಂತ ಬರೆದು ಸಹಿ ಹಾಕಿಕೊಡಿ. ತೊಗೊಂಡು ಹೋಗ್ತೀನಿ."

ಸಹಿ ಹಾಕಲು ಅವರು ಸಿದ್ಧರಿರಲಿಲ್ಲ. ಗೇಟು ತೆಗೆಸಿ, ಕಾವಲುಗಾರನನ್ನು ನನ್ನ ಹಿಂದೆ ಕಳಿಸಿದರು. ಮೊದಲ ತಿರುವಿನಲ್ಲೇ ನಿಂತು ಅವನಿಗೆ ವಾಪಸ್ ಹೋಗಲು ಹೇಳಿದೆ. ಹೋದ.

ಅವನು ಮರೆಯಾದ ಮೇಲೆ ಹೆದರಿಕೆಯಾಯಿತು. ಬಿದಿರ ಮೆಳೆಯ ಬಳಿ ತರಗೆಲೆ ಸರಸರ ಎಂದಾಗ ನಿಂತುಬಿಟ್ಟೆ. ನೋಡಿದರೆ ಒಂದು ಉಡ, ನನ್ನನ್ನು ಕಂಡು ನೀರಿಗಿಳಿಯಿತು. ತಿರುಗಿ ಹೋಗಿಬಿಡೋಣ ಎನ್ನಿಸಿದ್ದು ಸುಳ್ಳಲ್ಲ. ಹೋಗಲಿಲ್ಲ. ಮೊಣಕಾಲು ನೋಯುತ್ತಿದ್ದರೂ ಹಟಕ್ಕೆ ಬಿದ್ದು ಕೆರೆಯನ್ನು ಎರಡು ಸುತ್ತು ಹಾಕಿದೆ.

ಹೊರಗೆ ಬಂದಾಗ ಸಾಹೇಬರು ಇನ್ನೂ ಅಲ್ಲೇ ಇದ್ದರು. ಏನಾದರೂ ಕಂಡಿತೇ ಎಂದು ಕೇಳಿದರು. ಮರಕುಟಿಗ ಕಂಡಿತು, ಬರುವ ಭಾನುವಾರ ಅದರ ಗೂಡು ಹುಡುಕಬೇಕು ಎಂದೆ.