ಟ್ರಾನ್ಸ್‌ಫಾರ್ಮರಿಗೆ ಒಂದು ಡಬ್ಬಿ ಕೊಬ್ಬರಿ ಎಣ್ಣೆ

ಈ ಎಣ್ಣೆಯ ಕತೆ ನಡೆದದ್ದು ಪುಷ್ಯಮಾಸದಲ್ಲಿ. ಅಥವಾ ಅದು ಪುಷ್ಯಮಾಸವೇ ಅಲ್ಲವೇನೋ. ಚಳಿಯಿತ್ತು ಎಂಬುದಷ್ಟೇ ಖಾತ್ರಿ. (ಅದೂ ಎಣ್ಣೆ ಗಟ್ಟಿಯಾಗಿತ್ತು ಎಂಬ ಕಾರಣಕ್ಕೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.)

ಮೊನ್ನೆ ಓದಿದೆ: ಹೊರದೇಶದಲ್ಲಿ ಭಾರೀ ಕಂಪ್ಯೂಟರೊಂದನ್ನು ತಂಪಾಗಿಡಲು ದ್ರವದೊಳಗೇ ಮುಳುಗಿಸಿದ್ದಾರಂತೆ. ಕರೆಂಟು ಹರಿಯುವ ಯಂತ್ರ, ಸುತ್ತ ದ್ರವ! ಸುಟ್ಟುಹೋಗುವುದಿಲ್ಲವೇ? ಇಲ್ಲ. ಅದು ಕರೆಂಟನ್ನು ಹಾಯಗೊಡದ ದ್ರವ.

ತಕ್ಷಣ ತುರುವೇಕೆರೆ ಪಕ್ಕದ ಅಕ್ಕನ ತೋಟ ನೆನಪಾಯಿತು.

ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ತೋಟದಂಚಿನ ಟ್ರಾನ್ಸ್‌ಫಾರ್ಮರ್ ಎಣ್ಣೆ ಸೋರಿಸಿಕೊಂಡು ನಿಂತಿತ್ತು. ಲೈನ್‌ಮನ್ ರುದ್ರಣ್ಣ ಸೋರಿಕೆ ಮುಚ್ಚಿದ. ಆದರೆ ಎಣ್ಣೆ ತುಂಬದೆ ಸ್ವಿಚ್ ಹಾಕುವುದಿಲ್ಲ ಎಂದ. ಎಣ್ಣೆ ಬರುವುದು ಯಾವಾಗ? ಅವನಿಗೂ ತಿಳಿಯದು. ಪಂಪು ಸ್ತಬ್ಧ. ಅಕ್ಕ ತಾನೇ ಕಾಯಿ ಆರಿಸಿ, ಮೊಳಕೆ ಬರಿಸಿ, ಆಗಷ್ಟೇ ನೆಟ್ಟಿದ್ದ ತೆಂಗಿನ ಸಸಿಗಳು ಬಾಡುತ್ತಿದ್ದವು.

ಭಾವನಿಗೆ ರೇಗಿತು. "ನಮ್ಮ ತೆಂಗಿನ ಸೀಮೇಲಿ ನಿಂತ್ಕೊಂಡು ಎಣ್ಣೆ ಇಲ್ಲ ಅಂತೀಯಲ್ಲೋ ರುದ್ರ, ನಾಚ್ಕೆ ಆಗಲ್ವಾ?" ಎಂದು ಕೊಬ್ಬರಿ ಎಣ್ಣೆಯ ಡಬ್ಬಿಯನ್ನೇ ತಂದು ಜಗಲಿಯ ಮೇಲಿಟ್ಟರು. (ತಲೆಗೆ, ಕೂಸಿಗೆ, ಕೀಲುನೋವಿಗೆ, ತುಕ್ಕು ಹಿಡಿದ ಬೀಗಕ್ಕೆ. ಅಲ್ಲಿ ಎಲ್ಲದಕ್ಕೂ ಅದೇ ಮದ್ದು.)

"ಟ್ರಾನ್ಸ್‌ಫಾರ್ಮರಿಗೆ ಹಾಕೋದು ತಲೆಗೆ ಹಚ್ಚೋ ಎಣ್ಣೆಯಲ್ಲ ಕಣ್ರೀ ಯಜಮಾನ್ರೇ. ಕರೆಂಟನ್ನ ತಡೀಬೇಕು, ಬಿಸಿನ ಮಾತ್ರ ಆಚೆ ತರಬೇಕು. ಬಿಸಿಯಾದದ್ದು ಮೇಲಕ್ಕೇರಿ, ಆ ಕೊಳವೆಗಳಲ್ಲಿ ತಣ್ಣಗಾಗಿ ಕೆಳಕ್ಕಿಳೀಬೇಕು. ತಿರುಗ್ತಾನೇ ಇರ್ಬೇಕು."

"ನಮ್ಮೆಣ್ಣೆಗೇನು ಕಾಲಿಲ್ವೇನ್ಲಾ?"

ಮರುದಿನ ಬೆಳಿಗ್ಗೆ ರುದ್ರಣ್ಣ ಮತ್ತೆ ಬಂದಾಗ ಮುಚ್ಚಳ ತೆಗೆದರೆ ಎಣ್ಣೆ ಬಿಳಿ ಮೇಣದಂತೆ ಗಟ್ಟಿ! ಅಕ್ಕ ಡಬ್ಬಿಯನ್ನು ಬೋರಲು ಹಿಡಿದಳು. ಒಂದು ಹನಿ ಬೀಳಲಿಲ್ಲ. ಭಾವನ ಕಡೆ ತಿರುಗಿದಳು.

"ನೋಡ್ರೀ ನಿಮ್ಮೆಣ್ಣೆ ಕಾಲ! ಚಳೀಗೆ ನಿಮ್ಮಂಗೇ ಮುದುರ್ಕೊಂಡು ಮಲಗೈತೆ."

ಭಾವನೂ ನಕ್ಕರು. ನನಗೆ ಮಾತ್ರ ಟ್ರಾನ್ಸ್‌ಫಾರ್ಮರಿನ ಕಮಟು ವಾಸನೆಯ ಎಣ್ಣೆಯ ಮೇಲೆ ಗೌರವ ಹುಟ್ಟಿತು. ಬಿಸಿಗೆ ದಾರಿ, ಕರೆಂಟಿಗೆ ಗೋಡೆ. ಎರಡೂ ಒಂದೇ ಮೈಯಲ್ಲಿ! ಕಬ್ಬಿಣದ ಡಬ್ಬದೊಳಗೆ, ಯಾರಿಗೂ ಕಾಣದೆ, ಹಗಲೂ ರಾತ್ರಿ ಹತ್ತಿ ಇಳಿಯುವ ಅಷ್ಟು ಶಿಸ್ತಿನ ಕೆಲಸಗಾರರು ನಮ್ಮಲ್ಲಿ ಎಷ್ಟು ಜನ? ಅಷ್ಟು ದೊಡ್ಡ ಕಂಪ್ಯೂಟರಿಗೂ ಕೊನೆಗೆ ಬೇಕಾದದ್ದು ಅಂಥ ಗುಣವೇ.

ಹೊರಡುವಾಗ ರುದ್ರಣ್ಣ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡ. "ಇರ್ಲಿ ಬುಡು ಅಕ್ಕಾ, ತಗೊಂಡೋಗ್ತೀನಿ."

ಮಾರನೆಯ ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಸಸಿಗಳ ಬುಡಕ್ಕೆ ನೀರು ಹರಿಯಿತು. "ಆಫೀಸಿಂದ ಎಣ್ಣೆ ಬಂತು" ಎಂದ ರುದ್ರಣ್ಣ. ಬಂದದ್ದನ್ನು ನಾವ್ಯಾರೂ ನೋಡಿರಲಿಲ್ಲ. ಡಬ್ಬಿ ಖಾಲಿಯಾಗಿ ವಾಪಸಾಯಿತು.

ಆ ಸಸಿಗಳು ಈಗ ಹೊಂಬಾಳೆ ಬಿಟ್ಟಿವೆ. ಎಣ್ಣೆ ಮಾತ್ರ ರುದ್ರಣ್ಣನ ಮನೆಯವರ ತಲೆಗೆ ಹೋಯಿತೋ, ಟ್ರಾನ್ಸ್‌ಫಾರ್ಮರಿನ ಹೊಟ್ಟೆಗೆ ಹೋಯಿತೋ, ನನಗೆ ಗೊತ್ತಿಲ್ಲ.