ಮೂವತ್ತು ಕೇಜಿಯೊಳಗಿನ ಲೇತ್

ಫಕೀರಪ್ಪನ ಕಣ್ಣಿಗೆ ಲೋಕದಲ್ಲಿ ಇರುವುದು ಎರಡೇ ಬಗೆಯ ಸಾಮಾನು: ಮೂವತ್ತು ಕೇಜಿಯೊಳಗಿನವು, ಮೂವತ್ತು ಕೇಜಿ ಮೀರಿದವು. ಅವನನ್ನು ದೂರಿ ಪ್ರಯೋಜನವಿಲ್ಲ. ಕತಾರಿನಲ್ಲಿ ಇಪ್ಪತ್ತಾರು ವರ್ಷ, ಮೊದಲು ಹಳೇ ಬಂದರಿನಲ್ಲಿ, ಆಮೇಲೆ ಹಮದ್ ಬಂದರಿನಲ್ಲಿ, ಲಾರಿ ತೂಗುವುದೇ ಅವನ ಕೆಲಸ. ವರ್ಷಕ್ಕೊಮ್ಮೆ ಗದಗಿಗೆ ಹೊರಟರೆ ವಿಮಾನದವರು ಬಿಡುವುದು ಮೂವತ್ತು ಕೇಜಿ. ಪೆಟ್ಟಿಗೆ ತೂಗುವ ಕೊಕ್ಕೆ ತಕ್ಕಡಿ ಸದಾ ಅವನ ಜೇಬಿನಲ್ಲಿ. ಕಂಬಳಿಯಾಗಲಿ, ಮಿಕ್ಸರ್ ಆಗಲಿ, ಅದಕ್ಕೆ ನೇತುಹಾಕಿ ನೋಡದೆ ಕೊಂಡವನಲ್ಲ.

ಈಗ ಕಂಪನಿ ಅವನ ಕೆಲಸ ಮುಗಿಸಿ, ಎರಡು ತಿಂಗಳಾಚೆಯ ಟಿಕೆಟ್ ಕೈಗಿಟ್ಟಿತ್ತು. ಹೆಂಡತಿ ನೀಲಗಂಗಾ ಕ್ಲಿನಿಕ್ಕೊಂದರಲ್ಲಿ ನರ್ಸು. ಅವಳ ಕೆಲಸ ಇನ್ನೂ ಎರಡು ವರ್ಷ ಇತ್ತು.

"ನನ್ನ ವೀಸಾದ ಮ್ಯಾಲ ಇಲ್ಲೇ ಇರ್ರಿ. ಮಂದಿ ಇರಂಗಿಲ್ಲೇನು?" ಎಂದು ಅವಳು ಮೂರು ಸಲ ಕೇಳಿದ್ದಳು.

"ಹೆಂಡ್ತಿ ಹೆಸರಿನ ಕೆಳಗ ಹೆಸರು ಬರಸ್ಕೊಂಡು ಕುಂದ್ರಲೇನು? ಗದಗಿನ ಮನಿ ಹಿಂದ ಶೆಡ್ ಐತಿ. ಒಂದು ಲೇತ್ ಇಟ್ಕೊಂಡು ಲಟ್ಟಣಿಗಿ, ಬಗರಿ ಮಾಡ್ಕೊಂತ ಇರ್ತೀನಿ," ಎಂದು ಮೂರು ಸಲವೂ ಅವನ ಉತ್ತರ.

ಉಳಿ ಹಿಡಿದು ಗೊತ್ತಿಲ್ಲದ ಮನುಷ್ಯ. ಬೇರೆ ಗಂಡಸರಿಗೆ ನಿವೃತ್ತಿಯ ಹೊತ್ತಿಗೆ ಮಂಡಿನೋವು ಬರುತ್ತದೆ, ಇವನಿಗೆ ಲೇತ್ ಬಂತು. ಫೋನಿನಲ್ಲಿ ಯಾರೋ ಲೇತಿಗೆ ಮರ ಸಿಕ್ಕಿಸಿ, ತಿರುಗಿಸಿ ಕಡೆಯುವುದನ್ನು ನೋಡಿ ನೋಡಿ, ಅದರಷ್ಟು ಸುಲಭದ್ದು ಬೇರೆ ಇಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದ. ಎರಡು ವರ್ಷ ಒಂಟಿಯಾಗಿ ಕೂತು ಏನು ಮಾಡುವುದೆಂಬ ಹೆದರಿಕೆ ಅವನಿಗಿತ್ತು. ಅದನ್ನು ಹೇಳುವ ಬದಲು ಅಂಗಡಿ ಅಂಗಡಿ ತಿರುಗತೊಡಗಿದ.

ಇಂಡಸ್ಟ್ರಿಯಲ್ ಏರಿಯಾದ ಮೊದಲ ಅಂಗಡಿಯವನು ಮೋಟಾರಿನ ಶಕ್ತಿ, ವೇಗ, ಎಷ್ಟು ದಪ್ಪದ ಮರ ಹಿಡಿಯುತ್ತದೆ ಎಂದೆಲ್ಲ ಬಾಯಿಪಾಠ ಒಪ್ಪಿಸಿದ. ಫಕೀರಪ್ಪ ಎಲ್ಲ ಕೇಳಿ, "ಕಿತನಾ ಕಿಲೋ?" ಎಂದ. ಎರಡನೇ ಅಂಗಡಿಯಲ್ಲೂ ಅದೇ ಪ್ರಶ್ನೆ. ಅಲ್ಲಿಯವನು ಇವನನ್ನು ಗುಜರಿಯವನೆಂದು ತಿಳಿದು, "ಮಾಫಿ, ಮಾಫಿ," ಏನೂ ಇಲ್ಲ ಎಂದು ಅರಬ್ಬಿಯಲ್ಲಿ ಹೇಳಿ ಬಾಗಿಲು ತೋರಿಸಿದ.

ಕಡೆಗೆ ಪರಿಚಯದ ಅಬ್ಬಾಸನ ಬಳಿ ಹೋದ. ಮಂಗಳೂರು ಕಡೆಯ ಅಬ್ಬಾಸನದು ಮರಗೆಲಸದ ವರ್ಕ್‌ಶಾಪು. ಮೂಲೆಯಲ್ಲಿದ್ದ ಎರಕದ ಕಬ್ಬಿಣದ ಹಳೇ ಲೇತನ್ನು ಅವನು ಕಡಿಮೆ ಬೆಲೆಗೆ ಕೊಡಲು ತಯಾರಿದ್ದ. ಫಕೀರಪ್ಪ ಎತ್ತಲು ನೋಡಿದ. ಅದು ಮಿಸುಕಲಿಲ್ಲ.

"ಎಪ್ಪತ್ತು ಕೇಜಿ ಇದೆ, ಸೊಂಟ ಹೋದೀತು," ಎಂದ ಅಬ್ಬಾಸ್. "ಲೇತ್ ಅಂದ್ರೆ ಭಾರ ಇರ್ಬೇಕು ಮಾರಾಯ್ರೆ. ಹಗುರದ್ದು ತಗೊಂಡ್ರೆ ಅದು ಕೂತಲ್ಲಿ ಕೂರುದಿಲ್ಲ."

"ಭಾರದ್ದು ತಗೊಂಡ್ರ ವಿಮಾನ ಏರಂಗಿಲ್ಲೋ ಅಬ್ಬಾಸ," ಎಂದು ಫಕೀರಪ್ಪ ಮೂರನೇ ಅಂಗಡಿಗೆ ನಡೆದ. ಅಲ್ಲಿ ಎಲ್ಲಕ್ಕಿಂತ ಅಗ್ಗದ್ದು ಕೊಕ್ಕೆಗೆ ಇಪ್ಪತ್ತೆರಡು ಕೇಜಿ ತೂಗಿತು. ಇನ್ನೂ ಎಂಟು ಕೇಜಿ ಬಟ್ಟೆಗೆ ಜಾಗ ಉಳಿಯಿತೆಂದು ಖುಷಿಯಿಂದ ಮನೆಗೆ ತಂದ.

ವಕ್ರಾ ಎಂಬ ಊರಿನ ಅವರ ಫ್ಲ್ಯಾಟಿನ ಹಾಲಿನಲ್ಲಿ, ಉದ್ದನೆಯ ಗಿಡ್ಡ ಬೆಂಚಿನ ಒಂದು ತುದಿಗೆ ಲೇತನ್ನು ಬಿಗಿದು, ಬಂದರಿನಿಂದ ತಂದ, ಸರಕು ಪೇರಿಸುವ ಪ್ಯಾಲೆಟ್ಟಿನ ಮರದ ತುಂಡು ಸಿಕ್ಕಿಸಿ, ಸ್ವಿಚ್ ಹಾಕಿದ. ಬೆಂಚು ಗಡಗಡ ನಡುಗಿ ನಡೆಯತೊಡಗಿತು. ಸೋಫಾ ದಾಟಿತು, ಟಿವಿ ದಾಟಿತು, ಬಾಗಿಲ ಹತ್ತಿರ ವೈರು ಮುಗಿದಾಗ ತಾನೇ ಪ್ಲಗ್ ಕಿತ್ತುಕೊಂಡು ನಿಂತಿತು.

"ನಿಮಗಿಂತ ಮೊದಲ ಅದಕ್ಕ ಊರಿಗಿ ಹೋಗೂ ಅವಸರ ಐತಿ," ಎಂದಳು ನೀಲಗಂಗಾ.

ಮರುದಿನ ಹಗ್ಗ ಹಾಕಿ ಫ್ರಿಜ್ಜಿಗೆ ಕಟ್ಟಿದ. ಫ್ರಿಜ್ಜೂ ಒಂದು ಗೇಣು ಅದರ ಹಿಂದೆ ಹೊರಟಿತು. ಇಪ್ಪತ್ತು ಕೇಜಿಯ ಅಕ್ಕಿ ಚೀಲ ಹೇರಿದರೆ ನಿಧಾನವಾಗಿ ನಡೆಯಿತು. ಎರಡು ಚೀಲ ಹೇರಿದರೆ ನಿಂತ ಜಾಗದಲ್ಲೇ ಗಿರಕಿ ಹೊಡೆಯಿತು. ತಾನೇ ಹತ್ತಿ ಕೂತರೆ ಉಳಿ ಮರಕ್ಕೆ ಎಟುಕಲಿಲ್ಲ. ಶುಕ್ರವಾರ ಊಟಕ್ಕೆ ಬಂದ ನೆಂಟರನ್ನು ಕುರ್ಚಿ ಬಿಡಿಸಿ ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಅವರು ಪಾಯಸ ಕುಡಿಯದೆ ಎದ್ದುಹೋದರು.

ಹೊರಡಲು ಹದಿಮೂರು ದಿನ ಉಳಿದಾಗ, ಚಟ್ನಿಪುಡಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ನೀಲಗಂಗಾ ಬೇಸತ್ತು ಬುಟ್ಟಿ ಸಮೇತ ಎದ್ದು ಬಂದಳು. ಈಳಿಗೆ ಮಣೆಯ ಮೇಲೆ ಕೂರುವ ಹಾಗೆ ಬೆಂಚಿನ ಮೇಲೆ ಕೂತು, "ಹಚ್ಚರಿ," ಎಂದಳು. ಅವನು ಸ್ವಿಚ್ ಹಾಕಿದ. ಮರ ತಿರುಗಿತು, ಬೆಂಚು ಅಲುಗಲಿಲ್ಲ.

"ಅರವತ್ತೆಂಟು ಕೇಜಿ!" ಎಂದು ಫಕೀರಪ್ಪ ಕಣ್ಣಳತೆಯಲ್ಲೇ ಕೂಗಿದ.

"ಊರ ಮಂದಿಗೆಲ್ಲ ಹೇಳ್ರಿ," ಎಂದು ಅವಳು ಕೆಕ್ಕರಿಸಿದಳು.

ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿತು. ಅರ್ಧ ಗಂಟೆಯಲ್ಲಿ ಲಟ್ಟಣಿಗೆ ಎನ್ನಬಹುದಾದ ಒಂದು ವಸ್ತು ಕಾಣಿಸಿತು.

"ನೋಡ ನೀಲಾ! ಗದಗಿನ್ಯಾಗೂ ಹಿಂಗ..." ಎಂದ.

"ಅಲ್ಲಿ ಯಾರನ್ನ ಕುಂದ್ರಸ್ತೀರಿ?"

"ಕಲ್ಲು ಇಡ್ತೀನಿ."

"ಇಡ್ರಿ. ಕಲ್ಲು ಮಾತಾಡಂಗಿಲ್ಲ, ಜಗಳಾ ತಗಿಯಂಗಿಲ್ಲ. ನಿಮಗ ಆರಾಮ."

ಅವಳು ತಲೆ ತಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು. ಕಣ್ಣು ತುಂಬಿತ್ತು. ಬೆಳ್ಳುಳ್ಳಿಗೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲವೆಂದು ಫಕೀರಪ್ಪನಿಗೆ ಗೊತ್ತಿತ್ತು. ಇವಳನ್ನು ಬಿಟ್ಟು ಹೋಗಿ ತಾನು ಬದುಕಲಾರೆ ಎಂಬುದೂ ಆಗ ಗೊತ್ತಾಯಿತು. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕಂಪನಿಯ ಆಫೀಸಿಗೆ ಹೋಗಿ, ಟಿಕೆಟ್ ನೋಡಿಕೊಳ್ಳುವ ಉಡುಪಿಯ ಹುಡುಗ ಯಜ್ಞೇಶನ ಮುಂದೆ ಕೂತ. ಟಿಕೆಟ್ ರದ್ದು ಮಾಡು, ಹೆಂಡತಿಯ ವೀಸಾಕ್ಕೆ ಬದಲಾಗಲು ಏನೇನು ಕಾಗದ ಬೇಕು ಹೇಳು ಎಂದ.

"ಎಂತ ಆಯ್ತು ಸರ್ ಒಮ್ಮೆಲೆ?"

"ಲಗೇಜ್ ಭಾಳ ಆತು."

"ಅದಕ್ಕೆಲ್ಲ ಕ್ಯಾನ್ಸಲ್ ಮಾಡ್ತಾರಾ ಸರ್? ಎಕ್ಸ್‌ಟ್ರಾ ಹಾಕುವ. ಎಷ್ಟು ಜಾಸ್ತಿ ಉಂಟು?"

"ಅರವತ್ತೆಂಟು ಕೇಜಿ."

ಯಜ್ಞೇಶನ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತವು. "ಅಷ್ಟೂ ಬೇಕಾ ಸರ್? ಸ್ವಲ್ಪ ಇಲ್ಲೇ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ವಾ?"

"ಇಲ್ಲಪ್ಪಾ," ಎಂದ ಫಕೀರಪ್ಪ, "ಆಗಂಗಿಲ್ಲ."